ಐದನೆಯ ಉಸಿರು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ನವನೆಲೆ ಕಾಲೋನಿಯ ಸಿ ಬ್ಲಾಕಿನ ಹದಿನಾಲ್ಕನೇ ಮನೆಯಿಂದ ಫಕೀರವ್ವ, ಆಕೆಯ ಗಂಡ, ಮಗ ಮತ್ತು ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳನ್ನು ಹೊರಗೆ ಕಳಿಸಿ ಬಾಗಿಲಿಗೆ ಸೀಲು ಹಾಕಲಾಯಿತು. ಆ ಮನೆಗೆ ನಾಲ್ಕು ಜನರ ಅನುಮತಿ ಇತ್ತು. ಎಣಿಕೆಯಲ್ಲಿ ಐದು ಬಂದಿತ್ತು. ಐದನೆಯದು ಹದಿಮೂರು ದಿನದ ಕೂಸು.

ಎಣಿಸಿದ್ದು ಗೋಡೆಯ ಮೇಲಿನ ಬಿಳಿ ಡಬ್ಬಿ. ಆ ಡಬ್ಬಿಯನ್ನು ಅಲ್ಲಿಗೆ ಹಾಕಿದವಳು ಹುಲಿಗೆಮ್ಮ.

ಹುಲಿಗೆಮ್ಮ ಐಟಿಐ ಮುಗಿಸಿ ಸುಜಾಲ ಎಂಬ ಇಂಟರ್ನೆಟ್ ಕಂಪನಿಯಲ್ಲಿ ಕೆಲಸಕ್ಕಿದ್ದಳು. ಹುಬ್ಬಳ್ಳಿಯ ನಾಲಾ ದಂಡೆಯ ಗುಡಿಸಲುಗಳನ್ನು ಕೆಡವಿ ಆರುನೂರು ಕುಟುಂಬಗಳನ್ನು ಊರ ಹೊರಗಿನ ನವನೆಲೆಗೆ ತಂದು ಹಾಕಿದಾಗ, ವಸತಿ ಪ್ರಾಧಿಕಾರದವರು ಕೀಲಿಕೈ ಜೊತೆಗೆ ಪುಕ್ಕಟೆ ಬ್ರಾಡ್‌ಬ್ಯಾಂಡ್ ಕೂಡ ಕೊಟ್ಟರು. ಬಿ ಬ್ಲಾಕಿನಲ್ಲಿ ಹುಲಿಗೆಮ್ಮನ ಮನೆಯೂ ಒಂದು. ಅವರ ಮಂದಿಯೇ ಅವರ ಮನೆಗೆ ಬಂದರೆ ಬಾಗಿಲು ಬೇಗ ತೆರೆಯುತ್ತದೆ ಎಂದು ಲೆಕ್ಕ ಹಾಕಿದ ಕಂಪನಿ ನಾಲ್ಕೂ ಬ್ಲಾಕುಗಳನ್ನು ಅವಳಿಗೇ ವಹಿಸಿ, ಡಬ್ಬಿ ಚಾಲೂ ಮಾಡುವ ಪರವಾನಗಿಯನ್ನೂ ಅವಳ ಹೆಬ್ಬೆಟ್ಟಿಗೇ ಕಟ್ಟಿತು. ಏಣಿ, ಡ್ರಿಲ್ ಮಶೀನು, ತಂತಿಯ ಸುರುಳಿ ಹೊತ್ತು ಅವಳು ಮನೆ ಮನೆ ತಿರುಗಿದಳು.

ಫಕೀರವ್ವ ಡಬ್ಬಿಯನ್ನು ದೇವರ ಜಗಲಿಯ ಮೇಲಿಡಬೇಕೆಂದು ಹಟ ಹಿಡಿದಿದ್ದಳು.

"ಇಲ್ಲೇ ಇರ್ಲಿ ಬಿಡs. ದಿನಾ ಯಲ್ಲವ್ವಗ ಊದಿನಕಡ್ಡಿ ಬೆಳಗತೀನಿ, ಇದಕ್ಕೂ ಒಂದ್ ಸುತ್ತ ಬೆಳಗತೀನಿ."

"ಯವ್ವಾ, ಇದು ಹೊಗಿ ಕುಡಿಯೂದಿಲ್ಲ," ಎಂದು ಹುಲಿಗೆಮ್ಮ ನಕ್ಕಿದ್ದಳು. "ಜಗಲಿ ಒಂದ್ ಮೂಲ್ಯಾಗ ಐತಿ. ಎರಡೂ ಕೋಲಿ ನಡುವಿನ ಗ್ವಾಡಿಗಿ ಹಾಕಿದ್ರ ಎಲ್ಲಾ ಕಡೆ ಸಿಗ್ನಲ್ ಮುಟ್ಟತೈತಿ. ಮ್ಯಾಲಿರಬೇಕು. ಸ್ಟೀಲ್ ಡಬ್ಬಿ ಅಡ್ಡ ಇಡಬ್ಯಾಡ, ಅದು ಒದ್ದು ಕಳಸತೈತಿ. ನೀರಿನ ಬ್ಯಾರಲ್ ಅಂತೂ ಹತ್ತರ ತರಲೇಬ್ಯಾಡ. ನೀರು ಸಿಗ್ನಲ್ ನುಂಗತೈತಿ."

ಹೀಗೆ ಅವಳು ಆರುನೂರು ಮನೆಗಳಲ್ಲಿ ಹೇಳಿದ್ದಳು. ಡಬ್ಬಿ ಎಲ್ಲಿದ್ದರೆ ಇಡೀ ಮನೆ ಅದರ ಕೈಗೆ ಸಿಗುತ್ತದೋ ಅದೇ ಜಾಗವನ್ನು ಹುಡುಕಿ, ಕಣ್ಣಳತೆ ಹಿಡಿದು, ತೂತು ಕೊರೆದು, ಕೂರಿಸಿದ್ದಳು.

ಡಬ್ಬಿ ಎಣಿಸುವ ವಿಧಾನ ಸರಳ. ಡಬ್ಬಿಯಿಂದ ಹೊರಟ ಅಲೆ ಗೋಡೆಗೆ, ಪಾತ್ರೆಗೆ, ಮನುಷ್ಯರ ಮೈಗೆ ಬಡಿದು ಮರಳುತ್ತದೆ. ಗೋಡೆ ಅಲುಗುವುದಿಲ್ಲ. ಮನುಷ್ಯ ನಿದ್ದೆಯಲ್ಲೂ ಅಲುಗುತ್ತಾನೆ, ಎದೆ ಏರುತ್ತದೆ, ಇಳಿಯುತ್ತದೆ. ಆ ಏರಿಳಿತಕ್ಕೆ ಮರಳುವ ಅಲೆ ಕೂದಲೆಳೆಯಷ್ಟು ಹಿಂದೆ ಮುಂದೆ ಆಗುತ್ತದೆ. ಒಬ್ಬೊಬ್ಬರ ಉಸಿರಿನ ನಡೆ ಒಂದೊಂದು ಥರ. ಮುದುಕರದು ತಡೆ ತಡೆದು ಬರುತ್ತದೆ. ದುಡಿದು ಮಲಗಿದವರದು ಆಳ. ಹಸುಗೂಸಿನದು ನಿಮಿಷಕ್ಕೆ ನಲವತ್ತು. ಅದನ್ನು ಗುರುತು ಹಿಡಿಯುವುದು ಎಲ್ಲಕ್ಕಿಂತ ಸಲೀಸು.

ಇದೆಲ್ಲ ಗುಟ್ಟೇನೂ ಆಗಿರಲಿಲ್ಲ. ಕೀಲಿಕೈ ಕೊಡುವ ದಿನ ಹೆಬ್ಬೆಟ್ಟು ಒತ್ತಿಸಿಕೊಂಡ ಹದಿನೇಳು ಪುಟದ ಕಾಗದದಲ್ಲಿ, ಹದಿನಾರನೇ ಪುಟದಲ್ಲಿ, ಬರೆದಿತ್ತು. ಡಬ್ಬಿ ಆರು ತಾಸು ಆರಿದ್ದರೆ ಮನೆ ಖಾಲಿ ಎಂದು ತಿಳಿದು ಬೇರೆಯವರಿಗೆ ಹಂಚಲಾಗುವುದು ಎಂದೂ ಬರೆದಿತ್ತು. ಹಾಗಾಗಿ ಯಾರೂ ಆರಿಸುವಂತಿರಲಿಲ್ಲ. ಆರಿಸಿದರೆ ಬದುಕೂ ನಡೆಯುವಂತಿರಲಿಲ್ಲ. ಕಸ ಗುಡಿಸುವವರ ಹಾಜರಿ ಮೊಬೈಲಿನಲ್ಲಿ, ರೇಷನ್ನಿನ ಪಾಳಿ ಮೊಬೈಲಿನಲ್ಲಿ, ಮಕ್ಕಳ ಪಾಠ ಮೊಬೈಲಿನಲ್ಲಿ.

ಸೀಲು ಬಿದ್ದ ಅರ್ಧ ತಾಸಿಗೆ ನಳಕ್ಕೆ ನೀರು ಬಂತು. ನವನೆಲೆಗೆ ಎಂಟು ದಿನಕ್ಕೊಮ್ಮೆ ನೀರು. ಫಕೀರವ್ವನ ಮಗಳು ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. ಸುತ್ತ ಎಲ್ಲರೂ ಕೊಡ ಹಿಡಿದು ಓಡಾಡುತ್ತಿದ್ದರು, ಆಕೆಯ ಮುಖ ನೋಡುತ್ತಿರಲಿಲ್ಲ.

*

ಹುಲಿಗೆಮ್ಮನ ಮನೆಯಲ್ಲಿ ಆಗ ನಾಲ್ಕು ಜನ. ಅವಳು, ಬೆಳಗಿನ ಜಾವಕ್ಕೆ ಕಸಬರಿಗೆ ಹಿಡಿದು ಹೋಗುವ ತಾಯಿ ನಾಗವ್ವ, ಹಾಸಿಗೆ ಹಿಡಿದ ಅಜ್ಜಿ, ಮತ್ತು ಚೊಚ್ಚಲ ಬಸುರಿ ಅಕ್ಕ ರೇಣವ್ವ. ರೇಣವ್ವನಿಗೆ ದಿನ ತುಂಬಿದ್ದವು.

"ಅಕ್ಕನ್ನ ಗಂಡನ ಮನಿಗೆ ಕಳಸೂಣು," ಎಂದಳು ಹುಲಿಗೆಮ್ಮ.

ನಾಗವ್ವ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು. "ಏನಂದಿ?"

"ಕೂಸು ಹುಟ್ಟಿದ್ರ ಐದ್ ಆಕ್ಕೈತಿ. ಫಕೀರವ್ವನ ಮನಿ ನೋಡಿದಿಲ್ಲ?"

"ಚೊಚ್ಚಲ ಬಾಣಂತನ ತವರಾಗ ಮಾಡಬೇಕು. ನಾನೂ ನಮ್ಮವ್ವನ ಮನ್ಯಾಗs ಹಡದೀನಿ. ನಾಲಾ ದಂಡ್ಯಾಗ, ತಗಡಿನ ಕೆಳಗ. ಆಗ ಯಾವ ಡಬ್ಬಿನೂ ಕೇಳಲಿಲ್ಲ ಎಷ್ಟ್ ಮಂದಿ ಅದೀರಿ ಅಂತ."

ಗೋಡೆಗೆ ಒರಗಿ ಕೂತಿದ್ದ ರೇಣವ್ವ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಹೇಳಿದಳು. "ಅವರ ಮನ್ಯಾಗೂ ಡಬ್ಬಿ ಐತಿ. ಅಲ್ಲೂ ನಾಕ್ ಮಂದಿ ಅದೀವಿ, ನನ್ನೂ ಸೇರಿ. ನಾ ಇಲ್ಲಿಗೆ ಬಂದ ಮ್ಯಾಲ ನಮ್ಮತ್ತಿ ಉಸರಬಿಟ್ಟಾಳ." ಆಮೇಲೆ ನಕ್ಕಳು. "ನನ್ನ ಗಂಡ ಒಂದ್ ದಿನಾನೂ ನಾ ಉಸಿರಾಡತೀನೋ ಇಲ್ಲೋ ಅಂತ ನೋಡಿಲ್ಲಬೇ. ಇದಕ ಎಷ್ಟ್ ಕಾಳಜಿ ನೋಡು."

ಹುಲಿಗೆಮ್ಮ ಗೋಡೆಯ ಡಬ್ಬಿ ನೋಡಿದಳು. ಮೂರು ಹಸಿರು ದೀಪ, ಸಣ್ಣಗೆ ಮಿಣುಕುತ್ತಿದ್ದವು. ಸಿಗ್ನಲ್ ಬಹಳ ಚೆನ್ನಾಗಿತ್ತು.

*

ಸುಜಾಲದ ಎಣಿಕೆ ಕೋಣೆ ಅವರ ಕಚೇರಿಯ ಮೂರನೇ ಮಹಡಿಯಲ್ಲಿತ್ತು. ಕೂರಲು ಮೆತ್ತನೆ ಕುರ್ಚಿ, ಎದುರಿಗೆ ಗೋಡೆಯಗಲದ ಪರದೆ. ಪರದೆಯ ಮೇಲೆ ನವನೆಲೆಯ ಆರುನೂರು ಮನೆಗಳು ಆರುನೂರು ಚೌಕಗಳಾಗಿದ್ದವು. ಪ್ರತಿ ಚೌಕದೊಳಗೆ ಒಂದು ಅಂಕಿ. ನಾಲ್ಕರೊಳಗಿದ್ದರೆ ಹಸಿರು. ಐದಾದರೆ ಕೆಂಪು. ಕೆಂಪು ಮೂಡಿದ ಕೂಡಲೇ ನೋಟಿಸು ತಾನಾಗಿ ಹೋಗುತ್ತದೆ, ಅದಕ್ಕೆ ಯಾರ ಸಹಿಯೂ ಬೇಕಿಲ್ಲ. ಸಹಿ ಮಾಡಿದವರು ಯಾರೆಂದು ಕೇಳಿದರೆ ತೋರಿಸಲು ಒಂದು ಮುಖವಿಲ್ಲ. ಹೀಗೆ ಮಾಡುವುದಕ್ಕೆ ದಕ್ಷತೆ ಎಂದು ಹೆಸರು.

ಆ ಕೋಣೆಯ ಮುಖ್ಯಸ್ಥ ಪ್ರಸನ್ನ ಜವಳಿ. ಮೂವತ್ತೈದರ ಎಂಜಿನಿಯರ್. ಯಾರ ಮೇಲೂ ದನಿ ಏರಿಸಿದವನಲ್ಲ. ಅವನು ಹುಲಿಗೆಮ್ಮನನ್ನು ಕರೆಸಿ ಒಂದು ಗೆರೆ ತೋರಿಸಿದ.

"ಇದು ಮೂರು ತಿಂಗಳ ಲೆಕ್ಕ. ನೋಡು, ಕಾಲೋನಿಯ ಒಟ್ಟು ಜನ ಏರ್ತದ, ಧಪ್ಪಂತ ಇಳೀತದ. ಮತ್ತ ಏರ್ತದ. ಎಂಟು ದಿನಕ್ಕೊಮ್ಮೆ. ಬಾಡಿಗಿಗೆ ಹಾಸಗಿ ಕೊಡ್ತಾರೇನು ನಿಮ್ಮ ಮಂದಿ?"

"ಇಲ್ರಿ ಸರ."

"ನೀ ಅಲ್ಲೇ ಇರ್ತೀಯಲ್ಲ. ಎಂಟು ದಿನಕ್ಕೊಮ್ಮೆ ಏನಾಗ್ತದ ಅಲ್ಲಿ?"

ಹುಲಿಗೆಮ್ಮ ಗೆರೆಯನ್ನೇ ನೋಡುತ್ತ ನಿಂತಳು. ಗೆರೆ ಕುಸಿದ ದಿನಗಳ ತಾರೀಖು ಕೆಳಗೆ ಬರೆದಿತ್ತು. ಆ ತಾರೀಖುಗಳು ಅವಳಿಗೆ ಬಾಯಿಪಾಠ. ಆ ದಿನಗಳಲ್ಲಿ ಅವಳು ಕೆಲಸಕ್ಕೆ ತಡವಾಗಿ ಬಂದು ಬೈಸಿಕೊಂಡಿದ್ದಳು, ಯಾಕೆಂದರೆ ಆ ದಿನಗಳಲ್ಲಿ ನಳ ಬರುತ್ತಿತ್ತು. ನಳ ಬಂದ ದಿನ ಪ್ರತಿ ಮನೆಯಲ್ಲೂ ಮೂರು ನಾಲ್ಕು ಬ್ಯಾರಲ್, ಹತ್ತು ಹನ್ನೆರಡು ಕೊಡ, ಹಂಡೆ, ಬಕೀಟು, ಬೋಗುಣಿ ಎಲ್ಲ ತುಂಬಿ ಗೋಡೆಗುಂಟ ನಿಲ್ಲುತ್ತವೆ. ಮಲಗುವ ಹಾಸಿಗೆಗೂ ಡಬ್ಬಿಗೂ ನಡುವೆ ಒಂದು ಸಣ್ಣ ಕೆರೆ. ಅಲೆ ಆ ಕೆರೆಯಲ್ಲಿ ಮುಳುಗುತ್ತದೆ. ದಿನ ಕಳೆದಂತೆ ನೀರು ತಗ್ಗುತ್ತದೆ, ಹಿಂದಿದ್ದವರು ಒಬ್ಬೊಬ್ಬರಾಗಿ ಪರದೆಯ ಮೇಲೆ ಹುಟ್ಟುತ್ತಾರೆ. ಫಕೀರವ್ವನ ಮೊಮ್ಮಗು ಆಸ್ಪತ್ರೆಯಿಂದ ಮನೆಗೆ ಬಂದದ್ದು ನಳ ಬಂದ ದಿನ. ಐದಾರು ದಿನ ಅದು ಲೆಕ್ಕದಲ್ಲಿರಲಿಲ್ಲ. ಬ್ಯಾರಲ್ ತಳ ಕಂಡ ದಿನ ಐದನೆಯದಾಗಿ ಬಂತು.

ಜವಳಿಗೆ ಇದು ಹೊಳೆಯುವುದು ಸಾಧ್ಯವಿರಲಿಲ್ಲ. ಅವನ ಮನೆಯಲ್ಲಿ ನಳ ತಿರುವಿದರೆ ನೀರು ಬರುತ್ತದೆ.

"ಸಂತಿ ಇರತೈತ್ರಿ," ಎಂದಳು ಹುಲಿಗೆಮ್ಮ. "ಸಂತಿಗೆ ಬಂದ ಬೀಗರು ಉಳಕೋತಾರ."

"ಸಂತಿ ಏಳು ದಿನಕ್ಕಲಾ?"

"ನಮ್ಮಲ್ಲಿ ಎಂಟಕ್ಕರಿ."

ಜವಳಿ ಅವಳ ಮುಖ ನೋಡಿದ. ಆಮೇಲೆ, "ಹೋಗು," ಎಂದ.

*

ರೇಣವ್ವ ಹೆಣ್ಣು ಹಡೆದಳು. ಮನೆಗೆ ಕರೆತರುವ ದಿನ ನಳ ಬರುವುದಿರಲಿಲ್ಲ. ನಾಗವ್ವ ಮೂರು ಫರ್ಲಾಂಗು ದೂರದ ಬೋರಿನಿಂದ ಹದಿನಾರು ಸಲ ಹೊತ್ತು ಎರಡು ಬ್ಯಾರಲ್ ತುಂಬಿದಳು. ಹುಲಿಗೆಮ್ಮ ಆಚೆ ಈಚೆ ಸರಿಸಿ, ಡಬ್ಬಿಯಿಂದ ದಾರ ಹಿಡಿದು ನೋಡಿ, ನೀರಿನ ನೆರಳು ಎಲ್ಲಿ ಬೀಳುತ್ತದೋ ಅಲ್ಲಿ ಬಾಣಂತಿಯ ಹಾಸಿಗೆ ಹಾಕಿಸಿದಳು. ಕೂಸು ಮೂರು ದಿನ, ಆರು ದಿನ, ಒಂಬತ್ತು ದಿನ ಆ ಮೂಲೆಯಲ್ಲಿ ಇಲ್ಲದಂತೆ ಇತ್ತು. ಚೌಕದೊಳಗೆ ನಾಲ್ಕೇ ಇತ್ತು.

ಇಂಥ ಮಾತು ಒಂದು ಮನೆಯಲ್ಲಿ ನಿಲ್ಲುವುದಿಲ್ಲ. ನಾಗವ್ವ ಕಸಬರಿಗೆ ಹಿಡಿದ ಗೆಳತಿಗೆ ಹೇಳಿದಳು, ಗೆಳತಿ ತಂಗಿಗೆ ಹೇಳಿದಳು. ಹೆಂಗಸರು ಹುಲಿಗೆಮ್ಮನನ್ನು ದಾರಿಯಲ್ಲಿ ತಡೆದು ಕೇಳತೊಡಗಿದರು. ಬ್ಯಾರಲ್ ಯಾವ ಕಡೆ, ಎಷ್ಟು ಎತ್ತರ, ತಾಮ್ರದ ಹಂಡೆ ನಡೆಯುತ್ತದೋ ಇಲ್ಲವೋ. ಅವಳು ಹೇಳಿದಳು. ತಿಂಗಳೊಳಗೆ ನವನೆಲೆಯಲ್ಲಿ ಎರಡು ಥರದ ನೀರಾಯಿತು, ಬಳಸುವ ನೀರು ಮತ್ತು ಮುಟ್ಟಬಾರದ ನೀರು. ಮುಟ್ಟಬಾರದ ನೀರಿನ ಹಿಂದೆ ಬಾಣಂತಿಯರು, ಕೂಸುಗಳು, ಕೆಲಸ ಕಳೆದುಕೊಂಡ ತಮ್ಮಂದಿರು, ಗಂಡ ಬಿಟ್ಟ ಅಕ್ಕಂದಿರು. ಮಕ್ಕಳು ತುಂಬಿದ ಬ್ಯಾರಲ್ ಮುಂದೆ ನಿಂತು ನೀರಡಿಕೆ ಎಂದು ಅತ್ತರೆ ತಾಯಂದಿರು ಕೈ ಮೇಲೆ ಹೊಡೆಯುತ್ತಿದ್ದರು. ಒಂದು ಗೇಣು ಇಳಿದರೂ ಒಂದು ತಲೆ ಕಾಣುತ್ತದೆ.

ನಿಂತ ನೀರಿನಲ್ಲಿ ಏನು ಹುಟ್ಟುತ್ತದೆ ಎಂಬುದನ್ನು ಹುಲಿಗೆಮ್ಮ ಐಟಿಐಗೆ ಹೋಗದೆಯೂ ತಿಳಿದಿದ್ದಳು. ನೆನಪಿಗೆ ತಂದುಕೊಳ್ಳಲಿಲ್ಲ.

ಎ ಬ್ಲಾಕಿನ ಖಾಜಾಬಿಗೆ ಗಂಡ, ಇಬ್ಬರು ಗಂಡುಮಕ್ಕಳು. ತಮ್ಮ ತೀರಿಕೊಂಡ ಮೇಲೆ ಅವನ ಮಗಳು ನೂರಾಬಿಯನ್ನೂ ತಂದು ಸಾಕಿಕೊಂಡಿದ್ದಳು. ಆರು ವರ್ಷದ ಹುಡುಗಿ. ಬ್ಯಾರಲ್ ಹಿಂದಿನ ಮೂಲೆಯಲ್ಲಿ ಮಲಗುತ್ತಿದ್ದವಳು ಅವಳು. ಒಂದು ದಿನ ಮೈ ಕೆಂಡವಾಯಿತು. ಡೆಂಗ್ಯೂ ಎಂದರು. ಮೂಲೆಯಲ್ಲಿ ಗಾಳಿಯಾಡದೆ ಹುಡುಗಿ ಒದ್ದಾಡುವುದನ್ನು ನೋಡಲಾರದೆ ಖಾಜಾಬಿ ಅವಳನ್ನು ಎತ್ತಿ ತಂದು ಕಿಟಕಿಯ ಕೆಳಗೆ ಮಲಗಿಸಿದಳು. ಚೌಕ ಕೆಂಪಾಯಿತು. ನೋಟಿಸು ಬಂತು, ಎರಡು ದಿನದ ಗಡುವು.

ಎರಡನೇ ದಿನ ಹುಡುಗಿ ಸತ್ತಳು.

ಮಣ್ಣು ಮಾಡಿ ಬಂದವರು ಅಂಗಳದಲ್ಲಿ ಕೂತಿದ್ದಾಗ ಹುಲಿಗೆಮ್ಮ ಹೋದಳು. ಖಾಜಾಬಿ ಮೊಬೈಲು ಮುಂದೆ ಹಿಡಿದಳು.

"ಓದವಾ. ನೀ ಕಲ್ತಾಕಿ. ಈಗಷ್ಟ ಬಂತು."

ಹುಲಿಗೆಮ್ಮ ನೋಡಿದಳು. ಮನಸ್ಸಿನಲ್ಲೇ ಓದಿಕೊಂಡಳು.

"ಜೋರಲೆ ಓದು. ಎಲ್ಲಾರೂ ಕೇಳ್ಲಿ."

ಹುಲಿಗೆಮ್ಮ ಓದಿದಳು. "ಅಭಿನಂದನೆಗಳು. ನಿಮ್ಮ ಮನೆಯ ಎಣಿಕೆ ಈಗ ನಿಯಮದೊಳಗಿದೆ. ನೋಟಿಸನ್ನು ರದ್ದು ಮಾಡಲಾಗಿದೆ. ಸಹಕಾರಕ್ಕೆ ಧನ್ಯವಾದ."

ಖಾಜಾಬಿ ಮೊಬೈಲು ಹಿಂದಕ್ಕೆ ತೆಗೆದುಕೊಂಡಳು. ಸೆರಗಿನಿಂದ ಅದರ ಗಾಜು ಒರೆಸಿದಳು, ಮತ್ತೆ ಒರೆಸಿದಳು. "ಸಹಕಾರ ಮಾಡೇವಂತ," ಎಂದು ಗಂಡನಿಗೆ ಹೇಳಿದಳು.

*

ಸಾವಿನ ಹಿಂದೆ ಆರೋಗ್ಯ ಇಲಾಖೆಯವರು ಬಂದರು. ಮನೆ ಮನೆ ಹೊಕ್ಕು ಬ್ಯಾರಲ್ಲುಗಳ ಫೋಟೋ ತೆಗೆದರು. ಆ ಫೋಟೋಗಳು ಕಡತದಿಂದ ಕಡತಕ್ಕೆ ದಾಟಿ ಜವಳಿಯ ಮೇಜಿಗೂ ಬಂದವು. ಅವನು ಒಂದೊಂದನ್ನೇ ತಿರುವಿ ನೋಡಿದ. ಎಲ್ಲ ಮನೆಗಳಲ್ಲೂ ಬ್ಯಾರಲ್ಲುಗಳು ಒಂದೇ ಥರ, ಹಾಸಿಗೆಗೂ ಡಬ್ಬಿಗೂ ನಡುವೆ, ಅಳತೆ ಹಿಡಿದು ನಿಲ್ಲಿಸಿದಂತಿದ್ದವು. ಹುಡುಗಿ ಸತ್ತದ್ದು ಅದೇ ಕಡತದ ಮೊದಲ ಪುಟದಲ್ಲಿತ್ತು. ಅವನು ಮೊದಲ ಪುಟದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಪ್ರಯೋಗದ ಕೋಣೆಯಲ್ಲಿ ಜವಾನ ಬಸಪ್ಪನನ್ನು ಕುರ್ಚಿಯ ಮೇಲೆ ಕೂರಿಸಿ, ಮುಂದೆ ಕುಡಿಯುವ ನೀರಿನ ಹದಿನೆಂಟು ಕ್ಯಾನುಗಳನ್ನು ಒಂದರ ಮೇಲೊಂದು ಪೇರಿಸಿದರು. ಪರದೆಯ ಮೇಲೆ ಸೊನ್ನೆ ಬಂತು.

ಬಸಪ್ಪ ಕ್ಯಾನುಗಳ ಸಂದಿಯಿಂದ ಇಣುಕಿದ. "ಎಷ್ಟ್ ತೋರಸಾಕತ್ತೈತ್ರಿ?"

"ಸೊನ್ನಿ."

"ನಾ ಸತ್ತೇನೇನ್ರಿ ಸರ? ಮನಿಗೆ ಹೇಳಿ ಕಳಸ್ರಿ, ಅಡಗಿ ಕಡಿಮಿ ಮಾಡ್ಲಿ."

ಕ್ಯಾನು ಪೇರಿಸಿದ ಹುಡುಗರು ನಕ್ಕರು. ಜವಳಿ ನಗದೆ ಇನ್ನೊಂದು ಡಬ್ಬಿಯನ್ನು ತರಿಸಿ, ಬಸಪ್ಪನ ತಲೆಯ ಮೇಲೆ, ಸೂರಿಗೆ ಹಿಡಿಸಿದ. ನೀರು ಅಡ್ಡ ನಿಲ್ಲುತ್ತದೆ, ಮೇಲೆ ಮುಚ್ಚುವುದಿಲ್ಲ. ಪರದೆಯ ಮೇಲೆ ಒಂದು ಎಂದು ಬಂತು.

ವಾರದೊಳಗೆ ಕಾಲೋನಿಯ ಗೋಡೆಗಳಿಗೆ ಕಾಗದ ಬಿತ್ತು. ಸಿಗ್ನಲ್ ಸುಧಾರಣೆ ಅಭಿಯಾನ. ಪ್ರತಿ ಮನೆಗೆ ಎರಡನೇ ಡಬ್ಬಿ ಪುಕ್ಕಟೆ. ಇನ್ನು ಮೂಲೆ ಮೂಲೆಗೂ ನೆಟ್‌ವರ್ಕ್.

ಜವಳಿ ಹುಲಿಗೆಮ್ಮನನ್ನು ಕರೆಸಿದ. "ಸಂತಿ ಎಂಟು ದಿನಕ್ಕಂದಿ," ಎಂದ. "ನಾಳೆ ಬಿ ಬ್ಲಾಕಿನಿಂದ ಶುರು ಮಾಡೋಣು. ನಾನೂ ಬರ್ತೀನಿ. ಸೂರಿಗೆ ಹಾಕಬೇಕು, ಹಾಸಗಿ ಮೇಲೇ."

"ಸರ, ನಮ್ಮ ಮನಿ..."

"ಗೊತ್ತದ. ನಿಮ್ಮಕ್ಕಗ ಹೆರಿಗಿ ಆಗೇದ, ಆಸ್ಪತ್ರಿ ದಾಖಲೆಯಾಗ ಅದ. ನಿಮ್ಮ ಮನಿ ನಂಬರ್ ನಾ ಲೆಕ್ಕದಿಂದ ತೆಗದು ಹಾಕ್ತೀನಿ. ಅಭಿಯಾನ ಮುಗಿದ ಮೇಲೆ. ಯಾರಿಗೂ ಗೊತ್ತಾಗೂದಿಲ್ಲ."

ಅವಳು ಸಂಜೆ ಮನೆಗೆ ಹೋಗಿ ರೇಣವ್ವನ ಕೂಸಿಗೆ ಎಣ್ಣೆ ಹಚ್ಚಿದಳು. ತಾಯಿಗೆ ಜವಳಿಯ ಮಾತು ಹೇಳಿದಳು. ನಾಗವ್ವ, "ನಮ್ಮದೊಂದ್ ಉಳೀತೈತಿ ಅಂದ್ರ ಉಳ್ಕೊಳ್ಳಿ ಬಿಡ," ಎಂದಳು. ಹೇಳಿದವಳೇ ಮಗಳ ಕಣ್ಣು ತಪ್ಪಿಸಿ ಬೂದಿ ತೆಗೆದುಕೊಂಡು ಪಾತ್ರೆ ತಿಕ್ಕಲು ಕೂತಳು.

*

ಬಿ ಬ್ಲಾಕಿನ ಮೊದಲ ಮಹಡಿ, ಒಂಬತ್ತನೇ ಮನೆ. ದುರ್ಗವ್ವ ಬಾಗಿಲಲ್ಲಿ ನಿಂತಿದ್ದಳು. ಜವಳಿ ನಮಸ್ಕಾರ ಮಾಡಿದ. ಆಕೆ ಅವನನ್ನು ನೋಡಲಿಲ್ಲ, ಅವನ ಹಿಂದೆ ಏಣಿ ಹೊತ್ತು ನಿಂತ ಹುಲಿಗೆಮ್ಮನನ್ನು ನೋಡಿದಳು.

"ಬಾ ತಂಗಿ, ಬಾ. ಒಂದ್ ಕಣ್ಣ ಸಾಲಲಿಲ್ಲನ ನಿಮಗ?"

ಹುಲಿಗೆಮ್ಮ ಒಳಗೆ ಹೋಗಿ ಏಣಿ ಆನಿಸಿದಳು. ಒಳಕೋಣೆಯಲ್ಲಿ ನಾಲ್ಕು ನೀಲಿ ಬ್ಯಾರಲ್ಲುಗಳು ಸಾಲಾಗಿ ನಿಂತಿದ್ದವು. ಹಾಗೆ ನಿಲ್ಲಿಸಲು ಹೇಳಿಕೊಟ್ಟವಳು ಅವಳೇ. ಈಗ ಅವುಗಳ ಬಾಯಿಗೆ ಹಳೆ ಸೀರೆಯ ತುಂಡು ಕಟ್ಟಿದ್ದರು, ಸೊಳ್ಳೆ ಹೊರಬೀಳದಂತೆ. ಜವಳಿ ಬಾಗಿಲ ಚೌಕಟ್ಟಿನಲ್ಲೇ ನಿಂತ. ಪಕ್ಕದ ಮನೆಗಳ ಹೆಂಗಸರು ಪಡಸಾಲೆಯಲ್ಲಿ ಸೇರಿದರು. ಖಾಜಾಬಿಯೂ ಬಂದಿದ್ದಳು.

ಹುಲಿಗೆಮ್ಮ ಡ್ರಿಲ್ ಹಿಡಿದು ಏಣಿ ಹತ್ತಿದಳು. ಐದನೇ ಮೆಟ್ಟಿಲಿಗೆ ಅವಳ ತಲೆ ಸೂರಿಗೆ ಮುಟ್ಟಿತು. ಡಬ್ಬಿ ಕೂರಬೇಕಾದ ಜಾಗ ಕಣ್ಣೆದುರಿಗಿತ್ತು. ಅಲ್ಲಿಂದ ಕೆಳಗೆ ನೋಡಿದಳು. ಬ್ಯಾರಲ್ಲುಗಳ ಆಚೆ, ಎರಡು ಮೊಳ ಜಾಗದಲ್ಲಿ, ದುರ್ಗವ್ವನ ಮಗಳು ಗುರವ್ವ ಮೊಣಕಾಲು ಮಡಚಿ ಮಲಗಿದ್ದಳು. ಎದೆಗೆ ಕೂಸು. ಗುರವ್ವ ಮೇಲೆ ನೋಡಿದಳು. ಕೈಯನ್ನು ಮೆಲ್ಲಗೆ ಕೂಸಿನ ಬೆನ್ನಿನ ಮೇಲೆ ಹರಡಿದಳು, ಅಂಗೈಯಿಂದ ಅದರ ಉಸಿರು ಮುಚ್ಚಿಬಿಡಬಹುದೆಂಬಂತೆ.

ಡಬ್ಬಿ ನೋಡಲಿದ್ದುದನ್ನು ಹುಲಿಗೆಮ್ಮ ಅದಕ್ಕಿಂತ ಮೊದಲು ನೋಡಿದಳು. ಡಬ್ಬಿಗೆ ಅದು ನಿಮಿಷಕ್ಕೆ ನಲವತ್ತು. ಇವಳಿಗೆ ಅಷ್ಟಕ್ಕೆ ನಿಲ್ಲಿಸಲಾಗಲಿಲ್ಲ.

ಅವಳು ಏಣಿ ಇಳಿದಳು. ಡ್ರಿಲ್ಲಿನ ವೈರು ಕಿತ್ತು ಸುತ್ತತೊಡಗಿದಳು.

"ಏನಾತು?" ಎಂದ ಜವಳಿ. "ಕರೆಂಟ್ ಇಲ್ಲೇನು?"

"ಐತ್ರಿ."

"ಮತ್ತ?"

"ನಾ ಹಾಕೂದಿಲ್ರಿ."

ಜವಳಿ ಒಳಗೆ ಬಂದ. ದನಿ ಏರಿಸಲಿಲ್ಲ. "ಹುಲಿಗೆಮ್ಮ, ನೀ ಹಾಕಲಿಲ್ಲಂದ್ರ ನಾಳೆ ಇನ್ನೊಬ್ಬ ಬಂದು ಹಾಕ್ತಾನ. ನಿನ್ನ ಕೆಲಸ ಹೋಗ್ತದ, ಇವರ ಮನಿನೂ ಹೋಗ್ತದ. ಏನು ಉಳೀತು? ನಾ ನಿಂಗೊಂದು ಮಾತು ಕೊಟ್ಟೀನಿ, ನೆನಪದ?"

"ಏನ್ ಮಾತಬೇ ಅದು?" ಎಂದು ಪಡಸಾಲೆಯಿಂದ ಯಾರೋ ಕೇಳಿದರು.

ಹುಲಿಗೆಮ್ಮ ಆ ಕಡೆ ತಿರುಗಿದಳು. "ನಮ್ಮ ಮನಿ ನಂಬರ್ ಲೆಕ್ಕದಿಂದ ತೆಗೀತಾರಂತ. ನಿಮ್ಮ ಮನಿಗೆಲ್ಲಾ ನಾ ಡಬ್ಬಿ ಹಾಕಿದ್ರ." ನಾಗವ್ವ ಅಲ್ಲೇ ಇದ್ದಳು, ತಲೆ ತಗ್ಗಿಸಿದಳು. ಹುಲಿಗೆಮ್ಮ ಮತ್ತೆ ಜವಳಿಯ ಕಡೆ ತಿರುಗಿದಳು. "ತೆಗೀಬ್ಯಾಡ್ರಿ ಸರ. ಬರಕೋರಿ. ನಮ್ಮ ಮನ್ಯಾಗ ಐದು ಮಂದಿ ಅದೀವಿ. ಐದನೇದಕ್ಕ ಇನ್ನೂ ಹೆಸರಿಟ್ಟಿಲ್ಲ."

ಜವಳಿ ಕೈಚೀಲದಿಂದ ಬೆರಳಚ್ಚಿನ ಯಂತ್ರ ತೆಗೆದ. ಅಂಗೈಯಗಲದ್ದು, ನಡುವೆ ಕೆಂಪು ಬೆಳಕು. ಈ ಕಾಲೋನಿಯ ಪರವಾನಗಿ ಹುಲಿಗೆಮ್ಮನ ಹೆಸರಿನಲ್ಲಿತ್ತು. ಅವಳ ಹೆಬ್ಬೆಟ್ಟಿಲ್ಲದೆ ಹೊಸ ಡಬ್ಬಿ ಒಂದೂ ಚಾಲೂ ಆಗುವುದಿಲ್ಲ, ಪರವಾನಗಿ ಬೇರೆಯವರಿಗೆ ಬದಲಾಗುವುದೂ ಇಲ್ಲ.

"ಸರಿ. ಹಾಕಬ್ಯಾಡ. ಇಲ್ಲಿ ಬೆರಳಿಟ್ಟು ಹೋಗು. ಬೇರೆಯವರಿಗೆ ಕೊಡ್ತೀನಿ."

ಹುಲಿಗೆಮ್ಮ ಅಲುಗಲಿಲ್ಲ.

"ಪೊಲೀಸರನ್ನ ಕರಿಸಬೇಕಾಗ್ತದ."

"ಕರಸ್ರಿ."

ಅವನು ಯಂತ್ರವನ್ನು ಇನ್ನಷ್ಟು ಹತ್ತಿರ ಚಾಚಿದ. ಕೆಂಪು ಬೆಳಕು ಅವಳ ಅಂಗಿಯ ಮೇಲೆ, ಕಂಪನಿಯ ಹೆಸರಿನ ಮೇಲೆ ಬಿತ್ತು.

"ಬೆರಳಿಡು."

ಹುಲಿಗೆಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು.

"ಒಲ್ಲೆರಿ," ಎಂದಳು.